ಬೈಲಿನಲ್ಲಿ ಮನೆಗಳೇಳುವ ಮುನ್ನ

(ಶಾಲಾ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಈ ಶಾಲೆಯ ಜಗಲಿಯಲ್ಲಿ ನಿಂತವರಿಗೆ ಕೆಳಗಿನ ಬೈಲು ಕಾಣುತ್ತದೆ. ಅದರ ನಡುವೆ ಈಗ ಕೆಂಪು ಬಣ್ಣ ಬಳಿದ ಗೂಟಗಳು ಎದ್ದಿವೆ. ಅಲ್ಲಿ ಮಣ್ಣು ತುಂಬಿಸಿ, ರಸ್ತೆ ಕಡಿದು, ಮನೆನಿವೇಶನಗಳನ್ನಾಗಿ ಮಾರುವ ಯೋಜನೆಯಿರುವುದನ್ನು ತಾವೆಲ್ಲ ಬಲ್ಲಿರಿ. ಅದನ್ನು ನಾನೇಕೆ ವಿರೋಧಿಸುತ್ತೇನೆಂದು ಹೇಳಲು ಅಪ್ಪಣೆ ಬೇಡುತ್ತೇನೆ. ಸಂತೋಷದ ದಿನ ಇಂತಹ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಊರಿನ ಇಷ್ಟು ಮಂದಿ ಒಂದೆಡೆ ಸೇರುವುದು ವರ್ಷಕ್ಕೊಮ್ಮೆ, ಇಲ್ಲಿ ಮಾತ್ರ.

ನಮ್ಮ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದರು. ಬೆಟ್ಟಿನಲ್ಲಿ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಸುಗ್ಗಿಯೂ ಸೇರಿ ಎರಡು. ಬೈಲಿನಲ್ಲಿ ಕೊಳಕೆಯೂ ಸೇರಿ ಮೂರು. ನೀರು ಎಲ್ಲಿ ಎಷ್ಟು ಕಾಲ ನಿಲ್ಲುವುದೆಂಬ ಲೆಕ್ಕವೇ ಆ ವಿಂಗಡಣೆಯಲ್ಲಿದೆ. ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ. ಮುರಕಲ್ಲಿನ ಗುಡ್ಡ ತನ್ನಿಂದಾದಷ್ಟನ್ನು ಹೀರಿ ಮೆಲ್ಲನೆ ಬಿಡುತ್ತದೆ. ಸುರಂಗ ತೋಡಿ ನಾವು ಪಡೆಯುವುದು ಆ ನೀರನ್ನೇ. ಉಳಿದುದು ಬೈಲಿಗಿಳಿಯುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಒಂದು ಎಕರೆಯೆಂದರೆ ಸುಮಾರು 4047 ಚದರ ಮೀಟರ್. ಅದರಲ್ಲಿ ಬದುಗಳೊಳಗೆ 10 ಸೆಂಟಿಮೀಟರ್ ನೀರು ನಿಂತರೆ ನಾಲ್ಕು ಲಕ್ಷ ಲೀಟರಿಗೂ ಮಿಕ್ಕಿತು. ಗದ್ದೆಯನ್ನು ಮಣ್ಣಿನಿಂದ ಮುಚ್ಚಿದ ಮೇಲೆ ಆ ನೀರು ಎಲ್ಲಿಗೆ ಹೋಗಬೇಕು?

ಎಲ್ಲಿಗೆ ಹೋಗುವುದೆಂದು ನಾನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಮೇಲ್ಬದಿಯ ಗದ್ದೆಯೊಂದನ್ನು ತುಂಬಿಸುವ ಪ್ರಸ್ತಾಪ ಬಂದಾಗ ಗ್ರಾಮಸಭೆಯಲ್ಲಿ ನಾನೂ ಇದ್ದೆ. ಓದಿದ ಕಾಗದ ಮಲಯಾಳದಲ್ಲಿತ್ತು. ಅರ್ಧ ತಿಳಿಯಿತು, ಉಳಿದುದನ್ನು ಕೇಳಲು ಸಂಕೋಚವಾಯಿತು. ಪುಸ್ತಕದಲ್ಲಿ ರುಜು ಹಾಕಿ, ಚಹಾ ಕುಡಿದು ಮನೆಗೆ ಬಂದೆ. ಮರುವರ್ಷ ಆಟಿಯ ಮಳೆಗೆ ತೋಡು ದಾರಿ ತಪ್ಪಿ ಕೆಳಗಿನ ಮೂರು ಮನೆಗಳ ಅಂಗಳಕ್ಕೆ ನುಗ್ಗಿತು. ಅದೇ ಮನೆಗಳ ಬಾವಿಗಳು ಬೇಸಗೆಗೆ ಮೊದಲೇ ತಳ ಕಂಡವು. ಅವುಗಳಲ್ಲೊಂದು ನನ್ನ ತಂಗಿಯ ಮನೆ. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಗದ್ದೆ ಮಾರುವವರನ್ನು ನಾನು ಹಳಿಯಲಾರೆ. ಆಳುಗಳಿಲ್ಲದೆ, ನೆಲ್ಲಿಗೆ ಬೆಲೆಯಿಲ್ಲದೆ ಅವರು ಸೋತಿದ್ದಾರೆ. 1974-75ರಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಲ್ಲಿದ್ದ ನೆಲ್ಲಿನ ಬೇಸಾಯ 2015-16ರ ವೇಳೆಗೆ 2 ಲಕ್ಷಕ್ಕಿಂತ ಕೆಳಗಿಳಿಯಿತು. ಹೀಗಾದುದು ನಮ್ಮೂರೊಂದರಲ್ಲೇ ಅಲ್ಲ. ಕೊಲ್ಲಿ ನಾಡುಗಳಲ್ಲಿ ದುಡಿದು ಮನೆ ಕಟ್ಟಬಯಸುವ ನಮ್ಮ ಹಳೆಯ ವಿದ್ಯಾರ್ಥಿಗಳ ಆಸೆಯೂ ನ್ಯಾಯವಾದುದೇ. ಅವರಿಗೆ ಮೇಲಿನ ಬೆಟ್ಟಿನಲ್ಲಿ ಜಾಗವಿದೆ. ಬೇರೆ ಯೋಗ್ಯ ಜಾಗವಿಲ್ಲದ ಗದ್ದೆಯ ಒಡೆಯನು ಸ್ವಂತ ವಾಸಕ್ಕಾಗಿ ಪಂಚಾಯತಿನಲ್ಲಿ 10 ಸೆಂಟ್ಸಿನವರೆಗೆ ಅನುಮತಿ ಬೇಡಲು 2008ರ ನೆಲ್ಲುಗದ್ದೆ ಸಂರಕ್ಷಣಾ ಕಾಯಿದೆಯೇ ಎಡೆ ಕೊಟ್ಟಿದೆ. ಬೈಲನ್ನೇ ತುಂಡರಿಸಿ ಮಾರುವವರಿಗೆ ಆ ಎಡೆ ಸಲ್ಲದು.

ಆದರೆ ಕಾಯಿದೆಯ ಬಲ ನಿಂತಿರುವುದು ಒಂದು ಪಟ್ಟಿಯ ಮೇಲೆ. ಡಾಟಾ ಬ್ಯಾಂಕ್ ಎನ್ನುವ ಆ ಪಟ್ಟಿಯಲ್ಲಿ ಸೇರದ ಜಾಗವನ್ನು ಶುಲ್ಕ ತೆತ್ತು ಪರಿವರ್ತಿಸಲು 2018ರ ತಿದ್ದುಪಡಿಯಿಂದ ದಾರಿಯಾಗಿದೆ. ನಮ್ಮ ಬೈಲಿನ ಎಷ್ಟು ನಂಬ್ರಗಳು ಅದರಲ್ಲಿವೆ, ಎಷ್ಟು ಬಿಟ್ಟುಹೋಗಿವೆ? ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ ಇವರೊಡನೆ ರೈತ ಪ್ರತಿನಿಧಿಗಳೂ ಇರುವ ಸ್ಥಳೀಯ ಸಮಿತಿಯಲ್ಲಿ ಇದನ್ನು ನಾವು ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು. ಕನ್ನಡದಲ್ಲಿಯೇ ಬರೆಯೋಣ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗೆ ಕೊಟ್ಟಿದೆ. ನನ್ನ ಹಾಗೆ ಸಂಕೋಚದಿಂದ ಯಾರೂ ರುಜು ಹಾಕದಿರಲಿ.

ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಇದೇ ಜಗಲಿಯಲ್ಲಿ ಕೂಡೋಣ. ಮಲಯಾಳ ಓದಬಲ್ಲ ಮಕ್ಕಳು ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತು ಪಟ್ಟಿಯನ್ನು ಓದಿ ಹೇಳಲಿ. ಬರುವಾಗ ಭೂತೆರಿಗೆಯ ರಶೀದಿಯನ್ನು ಮರೆಯದೆ ತನ್ನಿರಿ. ಸರ್ವೆ ನಂಬ್ರ ಅದರಲ್ಲಿದೆ.