ಕೆಲಸಕ್ಕೆ ಹಣ ಕೊಡಬೇಡಿ, ಸಮಯ ಕೊಡಿ

(ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ಯುವಕರು ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉದ್ಯೋಗ ಹುಡುಕುವುದು ಹೇಗೆಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ಸಭೆ ಆರಂಭವಾಗುವ ಮುನ್ನ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು ಕೇಳಿದರು: "ಸಾಹೇಬ್ರ, ಮಗಗ ನೌಕರಿ ಕೊಡಸ್ತೀನಂತ ಒಬ್ಬಾವ ಎರಡು ಲಕ್ಷ ಕೇಳ್ಯಾನ. ಹೊಲ ಒತ್ತಿ ಇಡಬೇಕಂತ ಮಾಡೇನಿ. ಇಡಲೇನು?" ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಮಾತುಗಳನ್ನು ಬದಿಗಿಟ್ಟು ಈ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಇಡಬೇಡಿ.

ಹಣ ಕೊಟ್ಟರೆ ಸರಕಾರಿ ನೌಕರಿ ಖಚಿತವೆಂದು ನಂಬಿದವರ ಗತಿ ಏನಾಯಿತೆಂಬುದನ್ನು ನಾವು ನಮ್ಮ ರಾಜ್ಯದಲ್ಲೇ ಕಂಡಿದ್ದೇವೆ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಹಣ ಕೊಟ್ಟವರು ಜೈಲು ಸೇರಿದರು. ಕೊಡದೆ ಓದಿ ಬರೆದವರು ಮರುಪರೀಕ್ಷೆಗಾಗಿ 2024ರ ಜನವರಿಯವರೆಗೆ ಕಾಯಬೇಕಾಯಿತು. ಆ ಕಾಯುವಿಕೆಯಲ್ಲಿ ಸವೆದ ಪ್ರಾಮಾಣಿಕ ಯುವಕರ ವಯಸ್ಸನ್ನು ಯಾರು ಹಿಂದಿರುಗಿಸುತ್ತಾರೆ?

ಇನ್ನು ವಿದೇಶದ ಮಾತು. ಕಲಬುರಗಿ ಜಿಲ್ಲೆಯ ಕೆಲವು ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂಬ ಭರವಸೆ ನಂಬಿ, ಏಜೆಂಟರಿಗೆ ಲಕ್ಷಗಟ್ಟಲೆ ಹಣ ತೆತ್ತು ರಶ್ಯಕ್ಕೆ ಹೋದರು. ಅರ್ಥವಾಗದ ಭಾಷೆಯ ಕಾಗದಗಳಿಗೆ ಸಹಿ ಹಾಕಿದರು. ತಲುಪಿದ್ದು ಉಕ್ರೇನ್ ಯುದ್ಧಭೂಮಿಗೆ. 2024ರ ಸೆಪ್ಟೆಂಬರ್‌ನಲ್ಲಿ ಅವರು ಜೀವಸಹಿತ ಮರಳಿದರು. ಅದೇ ರೀತಿ ಹೋದ ಗುಜರಾತಿನ ಯುವಕನೊಬ್ಬ ಮರಳಲಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಅಲ್ಲಿನ ದುಡಿಮೆಯಿಂದ ಎಷ್ಟೋ ಮನೆಗಳು ಎದ್ದು ನಿಂತಿವೆ. ಆದರೆ ಏಜೆಂಟನು ಕೇಂದ್ರ ಸರಕಾರದಲ್ಲಿ ನೋಂದಾಯಿತನೇ ಎಂಬುದನ್ನು 'ಇಮೈಗ್ರೇಟ್' ಜಾಲತಾಣದಲ್ಲಿ ನೋಡಿಕೊಳ್ಳಿ. ನೋಂದಾಯಿತ ಏಜೆಂಟನೂ ನಿಯಮದಂತೆ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ರಸೀದಿ ಕೊಡದವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. "ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಎಂದವನ ಮನೆಯ ಮೆಟ್ಟಿಲನ್ನು ಮತ್ತೆ ಹತ್ತಬೇಡಿ.

ನಾವು ಏಕೆ ಹಣದ ದಾರಿ ಹಿಡಿಯುತ್ತೇವೆ? "ನಮ್ಮವರಿಗೆ ಹಾಗೇ ಯಾರೂ ಕೆಲಸ ಕೊಡುವುದಿಲ್ಲ" ಎಂಬ ನಿರಾಶೆಯಿಂದ. ಈ ನಿರಾಶೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಕಾಯಂ ಸಂಬಳದ ಉದ್ಯೋಗಗಳಲ್ಲಿ ಮುಸ್ಲಿಮರ ಪಾಲು ಎಷ್ಟು ಕಡಿಮೆ ಎಂಬುದನ್ನು 2006ರಲ್ಲೇ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ದೇಶದ ಮುಂದಿಟ್ಟಿತು. ತಾರತಮ್ಯದ ವಿರುದ್ಧ ದನಿಯೆತ್ತಲೇಬೇಕು. ಆದರೆ ನಮ್ಮ ಎಷ್ಟೋ ಅರ್ಜಿಗಳು ತಾರತಮ್ಯ ಮಾಡುವವನ ಮೇಜನ್ನು ತಲುಪುವ ಮೊದಲೇ ಬಿದ್ದುಹೋಗುತ್ತವೆ ಎಂಬುದು ಅಷ್ಟೇ ಕಹಿಯಾದ ಸತ್ಯ. ಕಾರಣ, ಕಾಗದಪತ್ರ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಹಮ್ಮದ್', ಆಧಾರ್‌ನಲ್ಲಿ 'ಮೊಹಮ್ಮದ್', ಪಾಸ್‌ಪೋರ್ಟಿನಲ್ಲಿ ಬರೀ 'ಎಂಡಿ'. ಒಂದರಲ್ಲಿ ಅಡ್ಡಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಶಾಲೆಗೆ ಸೇರಿಸುವಾಗ ಗುರುಗಳು ಅಂದಾಜಿನಿಂದ ಬರೆದ ಜೂನ್ 1ರ ಜನ್ಮದಿನಾಂಕ ಬೇರೆ! ದಾಖಲೆ ಪರಿಶೀಲನೆಯ ದಿನ ಹೆಸರಿನ ಒಂದು ಅಕ್ಷರಕ್ಕಾಗಿ ಕಣ್ಣೀರು ಹಾಕಿದ ಹುಡುಗನನ್ನು ನಾನು ಕಂಡಿದ್ದೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವೆಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಆದ್ದರಿಂದ ಸೇವಾ ಕೇಂದ್ರದವನು ಟೈಪು ಮಾಡುವಾಗ ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರ ನೋಡಿ.

ಮೀಸಲಾತಿ ಪ್ರಮಾಣಪತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ನಮ್ಮ ಹಳ್ಳಿಗಳಲ್ಲಿ ನದಾಫ, ಪಿಂಜಾರ ಕುಟುಂಬಗಳು ಬಹಳ ಇವೆ. ಮುಸ್ಲಿಮರೆಂದ ಮಾತ್ರಕ್ಕೆ ಎಲ್ಲರೂ 2ಬಿ ಎಂದು ಅವರೂ ಬರೆಯುತ್ತಾರೆ. ಅವರು ಸೇರುವುದು ಪ್ರವರ್ಗ-1ಕ್ಕೆ. ಅಲ್ಲಿ ಆದಾಯದ ಮಿತಿಯೂ ಇಲ್ಲ. ರಾಜ್ಯದ ನೇಮಕಾತಿಗಳಲ್ಲಿ ಪ್ರವರ್ಗ-1ಕ್ಕೆ ನಮೂನೆ 'ಇ', 2ಬಿಗೆ ನಮೂನೆ 'ಎಫ್' ಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ನೇರ ನೇಮಕಾತಿಯಲ್ಲಿ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ. ಅದಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಪಡೆಯಬೇಕು. ಅರ್ಜಿಯ ಕೊನೆಯ ದಿನಾಂಕದೊಳಗೆ ಇವು ಕೈಯಲ್ಲಿರಬೇಕು. ಇನ್ನೊಂದು ಮಾತು: 371(ಜೆ) ಸೌಲಭ್ಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ಧಾರವಾಡ ಜಿಲ್ಲೆಯವರಿಗಲ್ಲ. ಆ ಕಾಲಂ ತುಂಬಿ ಅರ್ಜಿ ಕೆಡಿಸಿಕೊಳ್ಳಬೇಡಿ.

ಕೆಲಸ ಎಲ್ಲಿ ಹುಡುಕಬೇಕು? ಬೆಂಗಳೂರಿನ ರೈಲು ಹತ್ತುವ ಮೊದಲು ಹುಬ್ಬಳ್ಳಿಯನ್ನೊಮ್ಮೆ ಸರಿಯಾಗಿ ನೋಡಿ. ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಿವೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಮತ್ತು ಕಾರ್ಯಾಗಾರ ಹುಬ್ಬಳ್ಳಿಯಲ್ಲೇ ಇವೆ. ಐಟಿಐ ಮುಗಿಸಿದವರಿಗೆ ಅಲ್ಲಿನ ಅಪ್ರೆಂಟಿಸ್ ಆಯ್ಕೆಯು ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಮೇಲೆ ನಡೆಯುತ್ತದೆ. ಲಿಖಿತ ಪರೀಕ್ಷೆಯಿಲ್ಲ. ತರಬೇತಿ ಮುಗಿಸಿದವರಿಗೆ ರೈಲ್ವೆಯ ಲೆವೆಲ್-1 ಹುದ್ದೆಗಳಲ್ಲಿ ಶೇ. 20 ಮೀಸಲು. ಇದಕ್ಕೆ ಯಾರ ಶಿಫಾರಸೂ ಬೇಕಾಗಿಲ್ಲ, ಪ್ರಕಟಣೆಯ ಮೇಲೆ ಕಣ್ಣಿದ್ದರೆ ಸಾಕು. ಓದು ಅರ್ಧಕ್ಕೆ ನಿಂತವರಿಗೆ ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿಯೊಂದಿಗೆ ಉಚಿತ ತರಬೇತಿ ದೊರೆಯುತ್ತದೆ.

ಆದರೆ ಬಹುಪಾಲು ಖಾಸಗಿ ಕೆಲಸಗಳು ಪತ್ರಿಕೆಯಲ್ಲಿ ಬರುವುದೇ ಇಲ್ಲ. ಗ್ಯಾರೇಜಿನಲ್ಲಿ, ಗೋದಾಮಿನಲ್ಲಿ, ಅಂಗಡಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿ ತುಂಬಿಹೋಗುತ್ತವೆ. ಕೆಲಸ ಹೋದದ್ದನ್ನು ಮುಚ್ಚಿಟ್ಟುಕೊಂಡು, ದಿನವೂ ಡಬ್ಬಿ ಕಟ್ಟಿಕೊಂಡು ಹೊರಟು ಉದ್ಯಾನದಲ್ಲಿ ಕುಳಿತು ಬರುವವರನ್ನು ನಾನು ಬಲ್ಲೆ. ಅಂಥವರ ಬಳಿಗೇ ಏಜೆಂಟ್ ಮೊದಲು ಬರುತ್ತಾನೆ. ನಾಚಿಕೆ ಬೇಡ, ಹೇಳಿ. "ಏನಾದರೂ ಕೆಲಸವಿದ್ದರೆ ನೋಡಿ" ಎಂದಲ್ಲ. "ನಾನು ಐದು ವರ್ಷ ವೆಲ್ಡಿಂಗ್ ಮಾಡಿದ್ದೇನೆ, ಹುಬ್ಬಳ್ಳಿಯಲ್ಲಿ ಪಾಳಿ ಕೆಲಸವಾದರೂ ಸರಿ" ಎಂದು ಹೇಳಿ. ಕೇಳಿದವನಿಗೆ ನೆನಪಿನಲ್ಲಿ ಉಳಿಯುವುದು ಎರಡನೆಯದು. ಜುಮಾ ನಮಾಝ್‌ನ ಬಳಿಕ ಮಸೀದಿಯ ಫಲಕದಲ್ಲಿ ಕೆಲಸದ ಪ್ರಕಟಣೆಗಳನ್ನು ಹಚ್ಚಲು ಜಮಾಅತ್‌ನವರಿಗೆ ಖರ್ಚೇನೂ ಬರಲಾರದು.

ಈಗಾಗಲೇ ಕೆಲಸದಲ್ಲಿದ್ದು ಬೇರೆಡೆ ಹೋಗಬೇಕೆನ್ನುವವರು ಹೊಸ ನೇಮಕಾತಿ ಪತ್ರ ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ. ಮಾಲೀಕರೊಂದಿಗೆ ಜಗಳವಾಡಿ ಹೊರಬರಬೇಡಿ, ಅನುಭವ ಪತ್ರ ಪಡೆದು ಬನ್ನಿ. ಪಿಎಫ್ ಹಣವನ್ನು ಪ್ರತಿಸಲ ತೆಗೆದು ತಿನ್ನಬೇಡಿ, ಅದೇ ಯುಎಎನ್ ಸಂಖ್ಯೆಯಲ್ಲಿ ಹೊಸ ಕಡೆಗೆ ವರ್ಗಾಯಿಸಿ. ಪಿಂಚಣಿಯ ಹಕ್ಕಿಗೆ ಹತ್ತು ವರ್ಷಗಳ ಸೇವೆ ಬೇಕು. ಮೂರು ಮೂರು ವರ್ಷಕ್ಕೆ ಎಲ್ಲವನ್ನೂ ತೆಗೆದುಕೊಂಡವರಿಗೆ ಇಪ್ಪತ್ತು ವರ್ಷ ದುಡಿದರೂ ಆ ಹತ್ತು ಪೂರ್ಣವಾಗುವುದಿಲ್ಲ.

ತಾಯಂದಿರಲ್ಲಿ ಒಂದು ವಿನಂತಿ. ಪದವಿ ಮುಗಿಸಿದ ಮಗಳ ಅಂಕಪಟ್ಟಿ ಟ್ರಂಕಿನಲ್ಲಿ ಮಲಗಿದೆ. 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ನಿಗದಿಪಡಿಸಲಾಯಿತು. ಅದು ಅವಳಿಗೂ ಇದೆ. ಆ ಹಣ ಅವಳ ಅರ್ಜಿಶುಲ್ಕಕ್ಕೆ, ಹುಬ್ಬಳ್ಳಿಯ ಕಂಪ್ಯೂಟರ್ ತರಗತಿಗೆ ಹೋಗಲಿ.

ಹೊಲದ ಬಗ್ಗೆ ಕೇಳಿದ ಹಿರಿಯರು ಅಲ್ಲೇ ಹಿಂದೆ ಕುಳಿತಿದ್ದಾರೆ. ಚಹಾ ಆದ ಮೇಲೆ ತಮ್ಮ ಮಗನನ್ನು ಕರೆತನ್ನಿ. ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರನ್ನೂ ತರಲಿ. ಮಗ್ರಿಬ್‌ವರೆಗೆ ನಾನು ಇಲ್ಲೇ ಇರುತ್ತೇನೆ, ಒಟ್ಟಿಗೆ ಕುಳಿತು ನೋಡೋಣ.