ಮಳೆಗಾಲಕ್ಕೆ ಬರುವ ಬೇಸಿಗೆ ರಜೆ



ಗಲ್ಫ್ ದೇಶಗಳಲ್ಲಿರುವ ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಅಲ್ಲಿ ಕೆಂಡದಂಥ ಬಿಸಿಲು, ಇಲ್ಲಿ ಭಟ್ಕಳದಲ್ಲಿ ಜಡಿಮಳೆ. ದುಬೈ, ಜಿದ್ದಾಗಳಲ್ಲಿ ಬೆಳೆಯುತ್ತಿರುವ, ಅರಬರ ನಂಟಿರುವ ಕರಾವಳಿಯ ನವಾಯತ ಮುಸ್ಲಿಂ ಸಮುದಾಯದ ಮಕ್ಕಳು ಆ ಮಳೆಯಲ್ಲೇ ಅಜ್ಜಿಮನೆಗೆ ಬಂದಿಳಿಯುತ್ತಾರೆ. ತಮ್ಮದೇ ವಯಸ್ಸಿನ ಅಷ್ಟೊಂದು ನೆಂಟರು ತಮಗಿದ್ದಾರೆಂದು ಎಷ್ಟೋ ಮಕ್ಕಳಿಗೆ ಗೊತ್ತಾಗುವುದೇ ಆ ಕೆಲವು ವಾರಗಳಲ್ಲಿ.

ಹೀಗೆ ಮಕ್ಕಳನ್ನು ತಮ್ಮವರೊಂದಿಗೆ ಬೆಸೆಯುವ ಕೆಲಸಕ್ಕೆಂದೇ ಅಮೆರಿಕದ ಯಹೂದಿಗಳು ಬೇಸಿಗೆ ಶಿಬಿರಗಳನ್ನು ಕಟ್ಟಿದರು. 1902ರಲ್ಲಿ ಶುರುವಾದ ಸರ್‌ಪ್ರೈಸ್ ಲೇಕ್ ಶಿಬಿರ, ನ್ಯೂಯಾರ್ಕಿನ ಇಕ್ಕಟ್ಟಿನ ವಠಾರಗಳ ಮಕ್ಕಳಿಗೆ ಬಯಲು ಗಾಳಿ ತೋರಿಸಿತು. 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆರಂಭವಾದ ರಾಮಾ ಶಿಬಿರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೀಬ್ರೂವನ್ನು ಆಟದ, ಊಟದ ಮಾತಾಗಿಸಲು ಹೊರಟಿತು. ನಮ್ಮ ಕರಾವಳಿಯಲ್ಲಿ ಅಂಥ ಶಿಬಿರ ಯಾರಾದರೂ ಹೂಡಿದ್ದನ್ನು ನಾನು ಕೇಳಿಲ್ಲ. ಆದರೆ ಮಕ್ಕಳನ್ನು ಸಮುದಾಯದೊಳಗೆ ಕೂರಿಸಿಕೊಳ್ಳುವ ಚಿಂತೆ ಇಲ್ಲಿ ಬಹಳ ಹಳೆಯದು.

1342ರ ಸುಮಾರಿಗೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಎಣಿಸಿ ಬರೆದಿಟ್ಟ. ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತಂತೆ. ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನೂ ಅವನು ಮರೆಯಲಿಲ್ಲ: ಅನ್ನ, ತುಪ್ಪ, ಉಪ್ಪಿನಲ್ಲಿಟ್ಟ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವು. ಕೊನೆಗೆ ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಬರೀ ಅನ್ನ ಉಂಡನಂತೆ. ಈ ಕ್ರಮ ನಮ್ಮ ಯಾವ ಮನೆಗೆ ಹೊಸದು? ಅರಬರ ನೆಂಟಸ್ತಿಕೆಯ ಜನ ಆಗಲೇ ಕರಾವಳಿಯವರಾಗಿದ್ದರು.

ಮುಂದೆ ಭಟ್ಕಳ ವಿಜಯನಗರದ ದೊಡ್ಡ ಬಂದರಾಯಿತು. ಕುದುರೆ ಇಳಿಯಿತು, ಗೇರುಸೊಪ್ಪೆಯ ಮೆಣಸು ಹಡಗು ಹತ್ತಿತು. 1542ರಲ್ಲಿ ಪೋರ್ಚುಗೀಸರು ಊರಿಗೆ ಬೆಂಕಿಯಿಟ್ಟರು. ಬಂದರು ಸೊರಗಿದ ಕಾಲಕ್ಕೆ ಗಂಡಸರು ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಬಟ್ಟೆಯಂಗಡಿ ಹಾಕಿದರು. 1970ರ ದಶಕದಿಂದ ಗಲ್ಫ್ ಕರೆಯಿತು. ದುಡಿಮೆ ಎಲ್ಲೋ, ಮನೆ ಇಲ್ಲಿ. ಊರು ಬಿಟ್ಟು ಹೋಗುವವರಿಗೆ ಊರನ್ನು ಗಟ್ಟಿಯಾಗಿ ಹಿಡಿದಿಡುವ ಆಸರೆ ಬೇಕಾಯಿತು. ಗಲ್ಫ್ ಕರೆಯುವ ಮೊದಲೇ, 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಜೀಮ್ ಎಂಬ ಸಮುದಾಯ ಸಂಸ್ಥೆ ಹುಟ್ಟಿತು. 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಸಂಸ್ಥೆ ಶಾಲೆ ತೆರೆಯಿತು. 1962ರಲ್ಲಿ ಜಾಮಿಯಾ ಇಸ್ಲಾಮಿಯಾ ಎಂಬ ಮದರಸಾ ಬಂತು. ಗಲ್ಫ್‌ಗೆ ಹೋದವರು ಅಲ್ಲೂ ಭಟ್ಕಳ ಜಮಾತ್‌ಗಳೆಂಬ ಊರಿನವರ ಸಂಘಗಳನ್ನು ಕಟ್ಟಿಕೊಂಡರು.  

ಇಷ್ಟೆಲ್ಲ ಸಂಸ್ಥೆಗಳಿದ್ದರೂ ಒಂದು ವಸ್ತು ಮಾತ್ರ ಅಡುಗೆಮನೆಯಲ್ಲೇ ಉಳಿದಿದೆ. ಅದು ನವಾಯತಿ ಮಾತು. ಕೊಂಕಣಿಯ ಒಡಲು, ಅದರೊಳಗೆ ಅರಬ್ಬಿ, ಪಾರಸಿ ಶಬ್ದಗಳು. ಶಾಲೆಯಲ್ಲಿ ಮಗು ಉರ್ದು ಕಲಿಯುತ್ತದೆ, ಕನ್ನಡ ಕಲಿಯುತ್ತದೆ, ಇಂಗ್ಲಿಷ್ ಕಲಿಯುತ್ತದೆ. ನವಾಯತಿಯನ್ನು ಕಲಿಸುವವಳು ಅಜ್ಜಿ ಒಬ್ಬಳೇ. ಭಟ್ಕಳ ಮಲ್ಲಿಗೆ ಕಟ್ಟುವಾಗ, ಬಿರಿಯಾನಿಯ ಪಾತ್ರೆಯ ಮುಚ್ಚಳಕ್ಕೆ ಕಣಕ ಮೆತ್ತುವಾಗ ಅವಳ ಬಾಯಿಂದ ಬರುವ ಶಬ್ದಗಳು ಯಾವ ಪಠ್ಯದಲ್ಲೂ ಸಿಗುವುದಿಲ್ಲ. ಹೀಬ್ರೂವಿಗೆ ಶಿಬಿರ ಮಾಡಿದ ಕೆಲಸವನ್ನು ಇಲ್ಲಿ ಒಂದು ಜಗಲಿ ಮಾಡುತ್ತಿದೆ, ಅದೂ ವರ್ಷಕ್ಕೆ ಕೆಲವೇ ವಾರ.

ಈ ಮಳೆಗಾಲದಲ್ಲಿ ಭಟ್ಕಳ, ಮುರ್ಡೇಶ್ವರ, ಮಂಕಿ, ಹೊನ್ನಾವರಗಳಿಗೆ ರಜೆಗೆಂದು ಬರುವ ಮಕ್ಕಳೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಅಜ್ಜಿಯ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಮೀನಿಗೆ, ಮಳೆಗೆ, ನೆಂಟಸ್ತಿಕೆಗೆ ಅವರು ಹೇಳುವ ಒಂದೊಂದು ಶಬ್ದವನ್ನೂ ಯಾವ ಲಿಪಿ ಬರುತ್ತದೋ ಆ ಲಿಪಿಯಲ್ಲಿ ಬರೆದುಕೊಳ್ಳಿ.