ದೈವಸಂಕಲ್ಪವೂ ವಿಲಿಯಂ ಕೇರಿಯೂ



1793ನೆಯ ಇಸವಿಯ ಮೇ ತಿಂಗಳು. ಇಂಗ್ಲೆಂಡಿನ ದಕ್ಷಿಣ ತೀರದ ಬಳಿಯಿರುವ ವೈಟ್ ದ್ವೀಪದಲ್ಲಿ 31 ವರ್ಷದ ಒಬ್ಬ ಬೋಧಕನು ತನ್ನ ಏಳು ವರ್ಷದ ಮಗನೊಡನೆ ವಾರಗಟ್ಟಲೆ ಕಾದು ಕುಳಿತಿದ್ದನು. ಆಗ ಫ್ರಾನ್ಸಿನೊಡನೆ ಯುದ್ಧ ಹತ್ತಿತ್ತು. ಕಾವಲು ನೌಕೆಗಳಿಲ್ಲದೆ ವರ್ತಕರ ಹಡಗುಗಳು ಹೊರಡುವಂತಿರಲಿಲ್ಲ. ಕಡೆಗೆ ಹೊರಡುವ ಕಾಲ ಬಂದಾಗ ಹಡಗಿನ ಕಪ್ತಾನನಿಗೆ ಹೆಸರಿಲ್ಲದ ಒಂದು ಕಾಗದ ತಲಪಿತು. ಈಸ್ಟ್ ಇಂಡಿಯಾ ಕಂಪೆನಿಯ ಅನುಮತಿಯಿಲ್ಲದವರನ್ನು ಕರೆದೊಯ್ದರೆ ದೂರು ಹೋಗುವುದೆಂದು ಅದರಲ್ಲಿ ಬರೆದಿತ್ತು. ಕಪ್ತಾನನು ಅಂಜಿ ಇವರನ್ನು ಇಳಿಸಿಬಿಟ್ಟನು. ಹಡಗು ಹಿಂದೂದೇಶದ ಕಡೆಗೆ ಹೋಯಿತು. ಬೋಧಕನೂ ಬಾಲಕನೂ ಗಂಟುಮೂಟೆಗಳೊಡನೆ ದಡದಲ್ಲಿ ಉಳಿದರು.

ಆ ಬೋಧಕನೇ ವಿಲಿಯಂ ಕೇರಿ. ತಮ್ಮ ಯೋಜನೆಯೆಲ್ಲ ಮುರಿದುಬಿದ್ದಿತೆಂದು ಆತನು ಒಡನೆಯೇ ಸ್ನೇಹಿತನಿಗೆ ಬರೆದನು. ಈ ದಾರಿ ತನಗೆ ಅರ್ಥವಾಗದಿದ್ದರೂ ಇದನ್ನು ನಡೆಸುವವನು ಅಪಾರ ಜ್ಞಾನಿಯಾದ ದೇವರೆಂಬುದರಲ್ಲಿ ತನಗೆ ಸಂದೇಹವಿಲ್ಲವೆಂದೂ ಅದೇ ಕಾಗದದಲ್ಲಿ ಬರೆದನು. ಈ ಎರಡು ಮಾತುಗಳು ಒಬ್ಬನ ಮನಸ್ಸಿನಲ್ಲಿ ಒಟ್ಟಿಗೆ ಹೇಗೆ ನಿಂತವು ಎಂಬುದೇ ಈ ಹೊತ್ತಿನ ಪ್ರಸ್ತಾಪ. ಮತಾಂತರವು ಯುಕ್ತವೋ ಅಲ್ಲವೋ ಎಂಬ ಚರ್ಚೆ ಬೇರೆ; ಅದನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಕೇರಿಯು ನಾರ್ತಾಂಪ್ಟನ್ ಪ್ರಾಂತದ ಒಂದು ಹಳ್ಳಿಯಲ್ಲಿ 1761ರಲ್ಲಿ ಹುಟ್ಟಿದನು. ತಂದೆ ಹಳ್ಳಿಯ ಉಪಾಧ್ಯಾಯ. ಮಗನು ಕಲಿತ ಕಸಬು ಪಾದರಕ್ಷೆ ಹೊಲಿಯುವುದು. ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಸಾಧಿಸಿದನು. ಮೌಲ್ಟನ್ ಎಂಬ ಗ್ರಾಮದಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಬ್ಯಾಪ್ಟಿಸ್ಟ್ ಪಂಥದ ಸಣ್ಣದೊಂದು ಸಭೆಗೆ ಬೋಧಕನಾಗಿದ್ದಾಗ ಲೋಕದ ಒಂದು ಭೂಪಟವನ್ನು ತಾನೇ ತಯಾರಿಸಿ ಗೋಡೆಗೆ ಹಾಕಿದ್ದನು. ಒಂದೊಂದು ದೇಶದ ಜನಸಂಖ್ಯೆ, ಮತ, ಸ್ಥಿತಿಗತಿಗಳನ್ನು ಅದರ ಮೇಲೆಯೇ ಬರೆದಿದ್ದನಂತೆ. ಸಂಬಳ ಹೊಟ್ಟೆಗೆ ಸಾಲದೆ ಪಾದರಕ್ಷೆ ಹೊಲಿಯುವುದನ್ನು ಅಲ್ಲಿಯೂ ಬಿಟ್ಟಿರಲಿಲ್ಲ. ಪರದೇಶಗಳಿಗೆ ಹೋಗಿ ಕ್ರಿಸ್ತನ ವಾರ್ತೆಯನ್ನು ಹೇಳಬೇಕೆಂಬ ಹಂಬಲ ಆತನಲ್ಲಿ ಬೆಳೆದುದು ಈ ಪಟದ ಮುಂದೆ.

ಆತನಿಗೆ ಎದುರಾದ ಮೊದಲನೆಯ ವಿರೋಧವು ನಾಸ್ತಿಕರದಲ್ಲ, ಭಕ್ತರದು. ಈ ಮಾತು ಸ್ವಲ್ಪ ವಿಚಿತ್ರವಾಗಿ ಕೇಳಬಹುದು. ಆ ಕಾಲದ ಅನೇಕ ಬ್ಯಾಪ್ಟಿಸ್ಟ್ ಹಿರಿಯರು, ಯಾರು ಉದ್ಧಾರವಾಗತಕ್ಕವರೆಂಬುದನ್ನು ದೇವರು ಮೊದಲೇ ಸಂಕಲ್ಪಿಸಿದ್ದಾನೆ, ಆ ಕಾರ್ಯವನ್ನು ಆತನೇ ತನ್ನ ಕಾಲದಲ್ಲಿ ನೆರವೇರಿಸುವನು, ಮನುಷ್ಯನು ನಡುವೆ ಕೈಹಾಕುವುದು ಅಧಿಕಪ್ರಸಂಗ ಎಂದು ನಂಬಿದ್ದರು. ಬೋಧಕರ ಒಂದು ಕೂಟದಲ್ಲಿ ಕೇರಿಯು ಈ ಪ್ರಶ್ನೆಯನ್ನೆತ್ತಲು, ಹಿರಿಯರೊಬ್ಬರು ಗದರಿಸಿ ಕುಳ್ಳಿರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಆ ಹಿರಿಯರ ಮಗನು ಅದನ್ನು ಒಪ್ಪಲಿಲ್ಲ. ಕಥೆಯ ನಿಜ ಹೇಗಾದರೂ ಇರಲಿ, ಆ ಮನೋಭಾವವಂತೂ ನಿಜ.

ದೈವ ಮತ್ತು ಪುರುಷಕಾರ ಎಂಬ ವಾದವು ನಮಗೆ ಹೊಸದಲ್ಲ. ನಮ್ಮ ಹಿರಿಯರು ಇದನ್ನು ಎಷ್ಟೋ ಬಗೆಯಾಗಿ ಜಾಲಾಡಿದ್ದಾರೆ. ಆದರೆ ಕೇರಿಯ ಪ್ರಸಂಗದಲ್ಲಿ ಒಂದು ವಿಶೇಷವುಂಟು. ಇಲ್ಲಿ ದೈವದ ಪಕ್ಷ ಒಂದು ಕಡೆ, ಪ್ರಯತ್ನದ ಪಕ್ಷ ಇನ್ನೊಂದು ಕಡೆ ಇರಲಿಲ್ಲ. ಇಬ್ಬರೂ ದೈವಸಂಕಲ್ಪವನ್ನೇ ಹಿಡಿದವರು. ಒಬ್ಬರಿಗೆ ಅದು ಸುಮ್ಮನಿರಲು ಕಾರಣವಾಯಿತು. ಇನ್ನೊಬ್ಬರಿಗೆ ಏಳಲು ಕಾರಣವಾಯಿತು. ದೇವರು ಗುರಿಯನ್ನು ನಿಯಮಿಸಿದ್ದರೆ ಸಾಧನವನ್ನೂ ನಿಯಮಿಸಿರಬೇಕು, ಆ ಸಾಧನ ನಾವೇ ಏಕಾಗಬಾರದು ಎಂಬುದು ಕೇರಿಯ ತರ್ಕ. ಇದನ್ನು 1792ರಲ್ಲಿ ನೂರು ಪುಟಗಳೂ ಇಲ್ಲದ ಒಂದು ಪುಸ್ತಕವಾಗಿ ಅಚ್ಚುಹಾಕಿಸಿದನು. ಅದರಲ್ಲಿ ಭಾವಾವೇಶಕ್ಕಿಂತ ಲೆಕ್ಕವೇ ಹೆಚ್ಚು: ದೇಶದ ಹೆಸರು, ಉದ್ದ, ಅಗಲ, ಜನಸಂಖ್ಯೆ, ಮತ. ದೇವರನ್ನು ನಂಬಿದವನು ಕೋಷ್ಟಕಗಳನ್ನೂ ಬರೆದನು.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಕೂಡಿದ ಸಭೆಯಲ್ಲಿ ಕೇರಿಯು ಯೆಶಾಯನ ಗ್ರಂಥದ 54ನೆಯ ಅಧ್ಯಾಯವನ್ನು ಆಧಾರವಾಗಿಟ್ಟು ಉಪದೇಶ ಮಾಡಿದನು. ಕೇಳಿದವರಿಗೆ ಮನಸ್ಸು ಕರಗಿತಂತೆ. ಆದರೂ ಯಾವ ತೀರ್ಮಾನವೂ ಇಲ್ಲದೆ ಚದರುವುದರಲ್ಲಿದ್ದರು. ಆಗ ಕೇರಿಯು ಆಂಡ್ರೂ ಫುಲ್ಲರ್ ಎಂಬ ಬೋಧಕನ ಕೈಹಿಡಿದು, ಈ ಸಲವೂ ಏನೂ ಮಾಡದೆ ಹೋಗುವುದೇ ಎಂದು ಕೇಳಿದನು. ಅದರ ಫಲವಾಗಿ ಅಕ್ಟೋಬರ್ 2ರಂದು ಕೆಟರಿಂಗಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಹನ್ನೆರಡು ಹದಿನಾಲ್ಕು ಜನ ಸೇರಿ ಒಂದು ಸಂಘವನ್ನು ಸ್ಥಾಪಿಸಿದರು. ಕೊಡುವೆವೆಂದು ಬರೆದುಕೊಟ್ಟ ಹಣ 13 ಪೌಂಡು 2 ಷಿಲಿಂಗು 6 ಪೆನ್ಸು. ಲೋಕಕ್ಕೆಲ್ಲ ವಾರ್ತೆ ಸಾರಲು ಇದು ಬಂಡವಾಳ! ಕೇರಿಯ ನಿಶ್ಚಯವನ್ನು ಕೇಳಿದ ತಂದೆ, ಮಗನಿಗೆ ಬುದ್ಧಿ ಕೆಟ್ಟಿತೇ ಎಂದನಂತೆ.

ಕಂಪೆನಿಯ ವಿರೋಧದ ಕಾರಣವನ್ನು ವಿಸ್ತರಿಸಬೇಕಾದುದಿಲ್ಲ. ವ್ಯಾಪಾರಿಗೆ ಬೇಕಾದುದು ಶಾಂತಿ ಮತ್ತು ಲಾಭ. ಜನರ ಮತವನ್ನು ಕೆಣಕುವವರು ಅವರಿಗೆ ಬೇಡವಾಗಿದ್ದರು.

ಇನ್ನು ಮನೆಯ ವಿರೋಧ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಇದೇ ಭಾರವಾದ ಭಾಗ. ಕೇರಿಯ ಹೆಂಡತಿ ಡಾರತಿ. ಆತನಿಗಿಂತ ಐದು ವರ್ಷ ದೊಡ್ಡವಳು.  ಹೆತ್ತ ಹೆಣ್ಣುಮಕ್ಕಳಿಬ್ಬರನ್ನೂ ಎಳೆವಯಸ್ಸಿನಲ್ಲೇ ಮಣ್ಣುಮಾಡಿದ್ದಳು. ಈಗ ಮತ್ತೆ ಗರ್ಭಿಣಿ. ಬರುವುದಿಲ್ಲವೆಂದು ಖಂಡಿತವಾಗಿ ಹೇಳಿದಳು. ಹಿರಿಯ ಮಗನೊಬ್ಬನನ್ನು ಕರೆದುಕೊಂಡು ಕೇರಿಯು ಹೊರಟುಬಿಟ್ಟನು. ಹಡಗಿನಿಂದ ಇಳಿಸಲ್ಪಟ್ಟುದು ಆಮೇಲೆ. ಆ ವೇಳೆಗೆ ಡಾರತಿ ಗಂಡುಮಗುವನ್ನು ಹೆತ್ತಿದ್ದಳು. ಕೇರಿಯೂ ಆತನ ಜತೆಗಾರನಾದ ವೈದ್ಯ ಜಾನ್ ಥಾಮಸನೂ ಒಂದು ಡೇನಿಷ್ ಹಡಗನ್ನು ಗೊತ್ತುಮಾಡಿಕೊಂಡು ಪುನಃ ಆಕೆಯನ್ನು ಕರೆದರು. ಮತ್ತೆ ಒಲ್ಲೆನೆಂದಳು. ಹಿಂದಿರುಗುವ ದಾರಿಯಲ್ಲಿ ಥಾಮಸನು ತಿರುಗಿ ಹೋಗಿ, ಈಗ ಬಾರದಿದ್ದರೆ ಬದುಕಿರುವವರೆಗೂ ಪಶ್ಚಾತ್ತಾಪಪಡುವೆ ಎಂದು ಒತ್ತಿ ಹೇಳಿದನು. ತಂಗಿ ಜತೆಗೆ ಬರುವುದಾದರೆ ತಾನೂ ಬರುವೆನೆಂದು ಆಕೆ ಒಪ್ಪಿದಳು. ಒಂದೇ ದಿನದಲ್ಲಿ ಮನೆ ಖಾಲಿಯಾಯಿತು. ಜೂನ್ 13ರಂದು ಕೈಗೂಸಿನೊಡನೆ ಎಲ್ಲರೂ ಡೋವರಿನಿಂದ ಹೊರಟು ನವೆಂಬರ್ 11ರಂದು ಕಲ್ಕತ್ತೆಯನ್ನು ಸೇರಿದರು.

ಮೊದಲನೆಯ ಹಡಗು ತಪ್ಪಿದುದು ಕುಟುಂಬವು ಒಂದಾಗಲೆಂದೇ, ಇದರಲ್ಲಿ ದೇವರ ಕೈ ಸ್ಪಷ್ಟವಾಗಿದೆ ಎಂದು ಭಕ್ತರಾದ ಚರಿತ್ರಕಾರರು ಹೇಳುವುದುಂಟು. ಇಷ್ಟು ಸುಲಭವಾಗಿ ಓದಲು ನನಗೆ ಧೈರ್ಯವಾಗುವುದಿಲ್ಲ. 1794ರಲ್ಲಿ, ಬಂಗಾಳಕ್ಕೆ ಬಂದು ವರ್ಷ ತುಂಬುವುದರೊಳಗೆ, ಐದು ವರ್ಷದ ಪೀಟರನು ಆಮಶಂಕೆಯಿಂದ ತೀರಿಕೊಂಡನು. ಆ ಬಳಿಕ ಡಾರತಿಗೆ ಚಿತ್ತಭ್ರಮಣೆಯಾಯಿತು. ಅದು ಗುಣವಾಗಲೇ ಇಲ್ಲ. ಕೇರಿಗೆ ಮೊದಲನೆಯ ಬಂಗಾಳಿ ಶಿಷ್ಯನು ದೊರೆತುದು 1800ರ ಡಿಸೆಂಬರಿನಲ್ಲಿ. ಏಳು ವರ್ಷ ತೋರಿಸಿಕೊಳ್ಳಲು ಏನೂ ಇರಲಿಲ್ಲ. ಸತ್ತ ಮಗನಿದ್ದನು, ಕೋಣೆಯಲ್ಲಿ ಅರಚುವ ಹೆಂಡತಿಯಿದ್ದಳು. ಸೆರಾಂಪುರದಲ್ಲಿ ಆತನು ಭಾಷಾಂತರಕ್ಕೆ ಕುಳಿತಿರುತ್ತಿದ್ದುದು ಅನೇಕ ವೇಳೆ ಆ ಕೋಣೆಯ ಪಕ್ಕದಲ್ಲಿಯೇ.

ಆತನ ಶ್ರದ್ಧೆ ಇದನ್ನೆಲ್ಲ ತಡೆದುಕೊಂಡಿತೆಂಬುದು ಸತ್ಯ. 1812ರ ಮಾರ್ಚಿಯಲ್ಲಿ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಅನೇಕ ವರ್ಷಗಳ ಹಸ್ತಪ್ರತಿಗಳು ಬೂದಿಯಾದವು. ಮತ್ತೆ ಮೊದಲಿನಿಂದ ಬರೆಯಲು ಕುಳಿತನು. ಐದು ವರ್ಷದ ತರುವಾಯ ಅದೇ ಅಚ್ಚುಕೂಟದಿಂದ ನಮ್ಮ ಕನ್ನಡ ಭಾಷೆಗೆ ಆತನು ಬರೆದ ವ್ಯಾಕರಣವೂ ಹೊರಟಿತು. ಹಡಗು ತಪ್ಪಿದ ಆ ದಿನ ಇದಾವುದೂ ಆತನಿಗೆ ಗೊತ್ತಿರಲಿಲ್ಲ. ಪೀಟರನ ಸಾವೂ ಗೊತ್ತಿರಲಿಲ್ಲ. ಸಂಕಲ್ಪವನ್ನು ನಂಬಿದನೇ ಹೊರತು ಅದನ್ನು ಓದಬಲ್ಲೆನೆಂದು ಆ ಕಾಗದದಲ್ಲಿ ಆತನು ಹೇಳಿಕೊಂಡಿಲ್ಲ.

ಡಾರತಿಯ ಮಾತೇನು? ಹೊರಡುವ ಮುಂಚೆ ಆಕೆಗಿದ್ದ ಶಂಕೆಯನ್ನು ಅಶ್ರದ್ಧೆಯೆಂದು ಕರೆದವರುಂಟು. ಐದು ತಿಂಗಳ ಸಮುದ್ರಪ್ರಯಾಣದ ಮುಂದೆ ಕೈಗೂಸನ್ನೆತ್ತಿಕೊಂಡು ನಿಂತ ತಾಯಿಯ ಶಂಕೆ ಅದು. 1781ರಲ್ಲಿ ಮದುವೆಯ ದಿನ ದಫ್ತರದಲ್ಲಿ ಹೆಸರು ಬರೆಯಲು ಬಾರದೆ ಆಕೆ ಒಂದು ಗುರುತನ್ನು ಹಾಕಿದ್ದಳು. ಗಂಡನ ಕಾಗದಗಳೂ ಥಾಮಸನ ಮಾತುಗಳೂ ನಮಗೆ ಉಳಿದಿವೆ. ಆಕೆ ಏನು ನಂಬಿದ್ದಳು, ಏಕೆ ಬೇಡವೆಂದಳು, ಕೊನೆಗೆ ಏಕೆ ಹೊರಟಳು ಎಂಬುದನ್ನು ಅವರ ಬರವಣಿಗೆಯಿಂದಲೇ ಊಹಿಸಿಕೊಳ್ಳಬೇಕಾಗಿದೆ. 1807ರ ಡಿಸೆಂಬರಿನಲ್ಲಿ ಆಕೆ ಸೆರಾಂಪುರದಲ್ಲಿ ತೀರಿಕೊಂಡಳು.